ಬರಹ ಸರಿಯಿದ್ದರೂ ತಪ್ಪುವ ಓದು

ಮೂರು ವರ್ಷ ತುಂಬದ ಮಕ್ಕಳ ಮೂತ್ರಪಿಂಡದಲ್ಲೋ ಮಿದುಳಿನಲ್ಲೋ ಹುಟ್ಟಿ, ನೋಡನೋಡುತ್ತಿದ್ದಂತೆ ಬೆಳೆದುಬಿಡುವ ಗಡ್ಡೆಯೊಂದಿದೆ. ವೈದ್ಯರು ಅದನ್ನು ರ‍್ಯಾಬ್ಡಾಯ್ಡ್ ಗಡ್ಡೆ ಎನ್ನುತ್ತಾರೆ. ಅಪರೂಪದ ಕಾಯಿಲೆ, ಆದರೆ ಬಂತೆಂದರೆ ಬಹಳ ಕ್ರೂರ. ಇಷ್ಟು ಬಿರುಸಾಗಿ ಬೆಳೆಯುವ ಕ್ಯಾನ್ಸರಿನ ಒಳಗೆ ಡಿಎನ್‌ಎ ಚಿಂದಿಯಾಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. 2012ರಲ್ಲಿ ಇಂಥ 35 ಗಡ್ಡೆಗಳ ಜೀನ್‌ಗಳನ್ನು ಅಕ್ಷರ ಅಕ್ಷರವಾಗಿ ಓದಿದವರಿಗೆ ಕಂಡದ್ದು ಬೇರೆಯೇ. ಅಲ್ಲಿ ತಪ್ಪುಗಳು ತೀರಾ ವಿರಳ. ಮತ್ತೆ ಮತ್ತೆ ಎದುರಾದ ದೋಷ ಒಂದೇ ಒಂದು: ಸ್ಮಾರ್ಕ್‌ಬಿ1 ಎಂಬ ಜೀನ್ ಕೆಟ್ಟುಹೋಗಿತ್ತು. ಅದರ ಮೇಲೆ 1998ರಲ್ಲೇ ಪ್ಯಾರಿಸ್‌ನ ಸಂಶೋಧಕರು ಬೆರಳಿಟ್ಟಿದ್ದರು.

ಈ ಜೀನಿನಿಂದ ಹುಟ್ಟುವ ಪ್ರೋಟೀನು ಜೀವಕೋಶಕ್ಕೆ ‘ಒಡೆದು ಎರಡಾಗು’ ಎಂದು ಹೇಳುವುದಿಲ್ಲ. ಹರಿದ ಡಿಎನ್‌ಎಯನ್ನು ಹೊಲಿಯುವ ಕಸುಬೂ ಅದಕ್ಕೆ ಮುಖ್ಯವಲ್ಲ. ಕೋಶಕೇಂದ್ರದಲ್ಲಿದ್ದುಕೊಂಡು ಡಿಎನ್‌ಎಯ ಸುತ್ತುಗಳನ್ನು ಸಡಿಲಿಸುವ ತಂಡದಲ್ಲಿ ಅದೂ ಒಬ್ಬ ಸದಸ್ಯ, ಅಷ್ಟೇ. ಆ ಒಬ್ಬ ಇಲ್ಲವಾದದ್ದಕ್ಕೆ ಕ್ಯಾನ್ಸರ್ ಬಂತು! ಡಿಎನ್‌ಎಯ ಬರಹದಲ್ಲಿನ ತಪ್ಪುಗಳನ್ನೇ ದಶಕಗಳಿಂದ ಹುಡುಕುತ್ತಿದ್ದ ವಿಜ್ಞಾನ, ಆ ಬರಹವನ್ನು ಸುತ್ತಿಟ್ಟುಕೊಂಡಿರುವ ಪ್ರೋಟೀನುಗಳ ಕಡೆಗೂ ತಿರುಗಿ ನೋಡಲೇಬೇಕಾಯಿತು.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಅಡಗಿರುವ ಕೋಶಕೇಂದ್ರದ ಅಗಲ ಒಂದು ಮಿಲಿಮೀಟರಿನ ಸುಮಾರು ನೂರನೇ ಒಂದು ಭಾಗ. ಹಿಸ್ಟೋನ್ ಎಂಬ ಎಂಟು ಪ್ರೋಟೀನುಗಳ ಗುಂಡಿಗೆ 147 ಜೋಡಿ ಅಕ್ಷರಗಳಷ್ಟು ಡಿಎನ್‌ಎ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿಕೊಳ್ಳುತ್ತದೆ. ಇಂಥ ಕೋಟ್ಯಂತರ ಗುಂಡುಗಳು, ಅವುಗಳ ಸುತ್ತ ಓಡಾಡುವ ನೂರಾರು ಬಗೆಯ ಬೇರೆ ಪ್ರೋಟೀನುಗಳು, ಎಲ್ಲ ಸೇರಿದರೆ ಕ್ರೊಮಾಟಿನ್. ಮಡಿಚಿಟ್ಟ ರೇಷ್ಮೆ ಸೀರೆಯ ಸೆರಗಿನ ಚಿತ್ತಾರ ನೋಡಬೇಕಾದರೆ ಆ ಮಡಿಕೆಯನ್ನು ಬಿಚ್ಚಲೇಬೇಕಲ್ಲ, ಹಾಗೆಯೇ ಜೀನ್ ಕೆಲಸ ಮಾಡಬೇಕಾದರೆ ಅದಿರುವ ಜಾಗ ತೆರೆದುಕೊಳ್ಳಬೇಕು. ಯಕೃತ್ತಿನ ಕೋಶಕ್ಕೂ ನರಕೋಶಕ್ಕೂ ಇರುವ ಬರಹ ಒಂದೇ. ಯಾವ ಮಡಿಕೆ ತೆರೆದಿದೆ, ಯಾವುದು ಮುಚ್ಚಿದೆ ಎಂಬುದರಲ್ಲೇ ವ್ಯತ್ಯಾಸ.

ತೆರೆಯುವವರೂ ಮುಚ್ಚುವವರೂ ಪ್ರೋಟೀನುಗಳೇ. ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಗುಂಪು ಎಂಬ ರಾಸಾಯನಿಕ ತುಣುಕು ಅಂಟಿದರೆ ಹಿಡಿತ ಸಡಿಲವಾಗುತ್ತದೆ. ಇದಕ್ಕೂ ಜೀನ್‌ಗಳ ಚಟುವಟಿಕೆಗೂ ನಂಟಿದೆ ಎಂದು ವಿನ್ಸೆಂಟ್ ಆಲ್‌ಫ್ರಿ 1964ರಲ್ಲೇ ಹೇಳಿದ್ದರು. ಹೆಚ್ಚಿನವರು ಕಿವಿಗೊಟ್ಟದ್ದು 1996ರಲ್ಲಿ, ಡೇವಿಡ್ ಆಲಿಸ್ ಅವರ ತಂಡ ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯಿಂದ ಆ ಗುಂಪನ್ನು ಅಂಟಿಸುವ ಕಿಣ್ವವನ್ನು ಹಿಡಿದು ತೋರಿಸಿದ ಮೇಲೆ.

ರ‍್ಯಾಬ್ಡಾಯ್ಡ್ ಗಡ್ಡೆಯಲ್ಲಿ ಕಾಣೆಯಾದ ಪ್ರೋಟೀನು ‘ಸ್ವಿಚ್-ಸ್ನಿಫ್’ ಎಂದು ಕರೆಯುವ ತಂಡದ್ದು. ಮೊದಲು ಯೀಸ್ಟ್‌ನಲ್ಲಿ ಸಿಕ್ಕ ತಂಡವಿದು. ಶಕ್ತಿ ವ್ಯಯಿಸಿ ಹಿಸ್ಟೋನ್ ಗುಂಡುಗಳನ್ನು ಪಕ್ಕಕ್ಕೆ ಸರಿಸುತ್ತದೆ. ಇದರ ಎದುರಾಳಿ ಪಾಲಿಕೂಂಬ್ ತಂಡ. ಅಲ್ಲಿರುವ ಇಝಡ್‌ಎಚ್2 ಎಂಬ ಕಿಣ್ವ ಹಿಸ್ಟೋನಿಗೆ ಮೀಥೈಲ್ ಗುಂಪು ಅಂಟಿಸಿ ಆ ಜಾಗಕ್ಕೆ ಬೀಗ ಜಡಿಯುತ್ತದೆ. ಇಬ್ಬರೂ ಸಮಬಲರಾಗಿದ್ದಷ್ಟು ಕಾಲ ಕೋಶ ಹದವಾಗಿ ಬಲಿತು, ತನ್ನ ಕೆಲಸ ಕಲಿಯುತ್ತದೆ. ತೆರೆಯುವವನು ಸತ್ತರೆ ಮುಚ್ಚುವವನದೇ ಆಳ್ವಿಕೆ. ಬಲಿಯಬೇಕಾದ ಕೋಶ ಬಲಿಯದೆ, ಬರಿದೇ ಒಡೆಯುತ್ತ ಹೋಗುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಸ್ವಿಚ್-ಸ್ನಿಫ್ ತಂಡದ ಯಾವುದಾದರೊಂದು ಜೀನಿನಲ್ಲಿ ದೋಷ ಕಾಣುತ್ತದೆ.

ನನಗೆ ಇಲ್ಲಿ ಭರವಸೆ ಹುಟ್ಟಿಸುವ ಸಂಗತಿ ಬೇರೆ. ಅಳಿಸಿಹೋದ ಜೀನನ್ನು ಮರಳಿ ಬರೆಯುವುದು ಇವತ್ತಿಗೂ ಕಷ್ಟ. ಅಂಟಿಸಿದ ಗುಂಪನ್ನು ಮಾತ್ರ ಕೀಳಬಹುದು, ಅಂಟಿಸುವ ಕೈಯನ್ನು ಹಿಡಿದು ನಿಲ್ಲಿಸಬಹುದು. ಇಝಡ್‌ಎಚ್2 ಕಿಣ್ವವನ್ನು ತಡೆಯುವ ಟಾಝೆಮೆಟೊಸ್ಟಾಟ್ ಎಂಬ ಔಷಧಿಗೆ 2020ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸ್ಮಾರ್ಕ್‌ಬಿ1 ಪ್ರೋಟೀನನ್ನೇ ಕಳೆದುಕೊಂಡಿರುವ ಎಪಿಥೀಲಿಯಾಯ್ಡ್ ಸಾರ್ಕೋಮಾ ಎಂಬ ಕ್ಯಾನ್ಸರಿಗೆ. ಪರೀಕ್ಷೆಗೊಳಗಾದ 62 ರೋಗಿಗಳಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಶೇಕಡಾ 15 ಜನರಲ್ಲಿ ಮಾತ್ರ. ದೊಡ್ಡ ಗೆಲುವೆಂದು ಇದನ್ನು ಸಾರುವುದು ತಪ್ಪಾದೀತು. ಆದರೆ ಕ್ರೊಮಾಟಿನ್ನಿನ ಸಮತೋಲವನ್ನು ಗುಳಿಗೆಯಿಂದ ಮುಟ್ಟಬಹುದೆಂಬುದು ರೋಗಿಯ ದೇಹದಲ್ಲೇ ಸಾಬೀತಾಯಿತು.

ಇದೇ ಕಥೆಯ ನಮ್ಮ ಅಧ್ಯಾಯ ಬಾಯಿಯ ಕ್ಯಾನ್ಸರಿನದು. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಹೊಗೆಸೊಪ್ಪು, ಗುಟ್ಕಾ, ಅಡಿಕೆ ಇದರ ಮೂಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಾಪಸ್ ಕುಮಾರ್ ಕುಂಡು ಅವರ ತಂಡ ರೋಗಿಗಳ ಬಾಯಿಯ ಗಡ್ಡೆಯ ತುಣುಕುಗಳನ್ನು ಪರೀಕ್ಷಿಸಿತು. ಎನ್‌ಪಿಎಂ1 ಎಂಬ ಪ್ರೋಟೀನು ಸಾಮಾನ್ಯವಾಗಿ ಕೋಶಕೇಂದ್ರದೊಳಗಿನ ಕಿರುಕೇಂದ್ರದಲ್ಲಿ ನೆಲೆಸಿರುತ್ತದೆ. ಅದಕ್ಕೆ ಅಸಿಟೈಲ್ ಗುಂಪು ಅಂಟಿಕೊಂಡರೆ ಅದು ಕಿರುಕೇಂದ್ರ ಬಿಟ್ಟು ಹೊರಗೆ ಹರಡಿಕೊಂಡು, ಬಾಯಿಯ ಕ್ಯಾನ್ಸರಿಗೆ ಸಂಬಂಧಿಸಿದ ಜೀನ್‌ಗಳನ್ನು ಎಬ್ಬಿಸುತ್ತದೆ ಎಂದು 2009ರಲ್ಲಿ ಅವರು ತೋರಿಸಿದರು. ಮರುವರ್ಷ ಇನ್ನೊಂದು ಹೆಜ್ಜೆ: ಗಡ್ಡೆಯ ಹಿಸ್ಟೋನುಗಳೂ ಮಿತಿಮೀರಿ ಅಸಿಟೈಲ್ ಹೊತ್ತಿದ್ದವು, ಅದನ್ನು ಅಂಟಿಸುವ ಪಿ300 ಎಂಬ ಕಿಣ್ವ ಅಲ್ಲಿ ಹೆಚ್ಚಾಗಿತ್ತು.

ಪಿ300 ಅನ್ನು ತಡೆಯುವ ವಸ್ತುಗಳನ್ನು ಇದೇ ತಂಡ 2004ರಲ್ಲೇ ಗುರುತಿಸಿತ್ತು. ಒಂದು ಅರಿಶಿನದ ಕರ್ಕ್ಯುಮಿನ್. ಇನ್ನೊಂದು ಮಲೆನಾಡಿನವರು ಮುರುಗಲು, ಕರಾವಳಿಯವರು ಪುನರ್ಪುಳಿ ಎನ್ನುವ ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್. ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಕರುಳಿನಿಂದ ರಕ್ತಕ್ಕೆ ಇಳಿಯುವುದೂ ಅತ್ಯಲ್ಪ. ಹಾಗಾಗಿ ಅದನ್ನು ರಾಸಾಯನಿಕವಾಗಿ ಮಾರ್ಪಡಿಸಿ, ನೀರಿನಲ್ಲಿ ಕರಗುವ ಸಿಟಿಕೆ7ಎ ಎಂಬ ವಸ್ತುವನ್ನು ತಯಾರಿಸಿದರು. ಇಲಿಗಳಲ್ಲಿ ಬೆಳೆಸಿದ ಬಾಯಿಯ ಗಡ್ಡೆಯ ಬೆಳವಣಿಗೆ ಅದರಿಂದ ತಗ್ಗಿತು.

ಇಲ್ಲಿ ಒತ್ತಿ ಹೇಳಲೇಬೇಕು: ಇಲಿಯಲ್ಲಿ ಕಂಡ ಫಲ ಮನುಷ್ಯನಿಗೆ ಔಷಧಿಯಾಗಿಲ್ಲ. ಅರಿಶಿನದ ಹಾಲಿನಿಂದ, ಪುನರ್ಪುಳಿ ಸಾರಿನಿಂದ ಕ್ಯಾನ್ಸರ್ ವಾಸಿಯಾಗುತ್ತದೆಂದು ನಂಬಿ ಶಸ್ತ್ರಚಿಕಿತ್ಸೆ ಮುಂದೂಡಿದರೆ ಕಳೆದುಹೋಗುವುದು ಜೀವ. ಅಡಿಕೆಯ ವಿಷಯದಲ್ಲೂ ನಾವು ಮುಖ ತಿರುಗಿಸಬಾರದು. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ನಾಡಿಗೆ ಇದು ಕೇಳಲು ಕಹಿ. ಬೆಳೆಗಾರರ ಬದುಕಿನ ಪ್ರಶ್ನೆ ದೊಡ್ಡದೇ. ಅದಕ್ಕಾಗಿ ಅಗಿಯುವವರ ಬಾಯಿಯ ಸತ್ಯವನ್ನು ಮರೆಮಾಚಲಾಗದು.

ಇನ್ನು ಎನ್‌ಪಿಎಂ1 ಬಾಯಿಗಷ್ಟೇ ಸೀಮಿತವಲ್ಲ. ದೊಡ್ಡವರಲ್ಲಿ ಕಾಣುವ ತೀವ್ರ ಮೈಲಾಯ್ಡ್ ರಕ್ತಕ್ಯಾನ್ಸರಿನ ಸುಮಾರು ಮೂರನೇ ಒಂದು ಪಾಲಿನಲ್ಲಿ ಅದರ ಜೀನೇ ಕೆಟ್ಟು, ಪ್ರೋಟೀನು ಕೋಶಕೇಂದ್ರವನ್ನೇ ಬಿಟ್ಟು ಹೊರಗಿನ ಕೋಶರಸಕ್ಕೆ ಸೇರಿಕೊಳ್ಳುತ್ತದೆ. ಇಟಲಿಯ ಬ್ರೂನಾಂಜೆಲೊ ಫಾಲಿನಿ ಅವರ ತಂಡ ಇದನ್ನು 2005ರಲ್ಲಿ ಕಂಡುಹಿಡಿಯಿತು. ಈ ಕೋಶಗಳು ಬದುಕಿಗೆ ನೆಚ್ಚಿಕೊಂಡಿರುವುದು ಮೆನಿನ್ ಎಂಬ ಮತ್ತೊಂದು ಕ್ರೊಮಾಟಿನ್ ಪ್ರೋಟೀನನ್ನು. ಮೆನಿನ್ನಿನ ಕೈಬಿಡಿಸುವ ಗುಳಿಗೆಗಳು ಈಗ ರಕ್ತಕ್ಯಾನ್ಸರ್ ಚಿಕಿತ್ಸೆಗೆ ಬಂದಿವೆ.

ಮುಂದಿನ ತೊಡಕು ಎಲ್ಲಿದೆಯೆಂದರೆ, ಈ ಪ್ರೋಟೀನುಗಳು ಗಡ್ಡೆಯ ಸೊತ್ತಲ್ಲ. ಪಿ300 ಇಲ್ಲದೆ ಆರೋಗ್ಯವಂತ ಕೋಶವೂ ಬಾಳದು. ಒಂದು ಅಂಗದಲ್ಲಿ ಕ್ಯಾನ್ಸರಿಗೆ ನೆರವಾಗುವ ಇಝಡ್‌ಎಚ್2 ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ ತಡೆಗೋಡೆಯಾಗಿರುತ್ತದೆ. ಹೀಗಾಗಿ ಯಾವ ರೋಗಿಯ ಗಡ್ಡೆಯಲ್ಲಿ ಯಾವ ಪ್ರೋಟೀನು ದಾರಿ ತಪ್ಪಿದೆ ಎಂದು ಮೊದಲು ನೋಡಿ, ಆಮೇಲೆ ಔಷಧಿ ಆರಿಸಬೇಕಾಗುತ್ತದೆ. ಸ್ಮಾರ್ಕ್‌ಬಿ1 ಪ್ರೋಟೀನು ಇದೆಯೋ ಇಲ್ಲವೋ ಎಂದು ತಿಳಿಯಲು ಗಡ್ಡೆಯ ತೆಳು ಸೀಳಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು: ಪ್ರೋಟೀನು ಇರುವ ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ್ದು ತಿರುಗುವುದಿಲ್ಲ.