ದೀರ್ಘ ಪ್ರವಾಸಕ್ಕಾಗಿ ಬಳಸಿದ ಕ್ಯಾಂಪರ್ ವ್ಯಾನ್ ಖರೀದಿಸುವ ನಾಗರಿಕರಿಗೆ ಮಾಹಿತಿ

ಮಲಗುವ ಹಾಗೂ ಅಡುಗೆ ಮಾಡಿಕೊಳ್ಳುವ ಅನುಕೂಲವಿರುವ ವಾಹನದಲ್ಲಿ ತಿಂಗಳುಗಟ್ಟಲೆ ತೀರ್ಥಯಾತ್ರೆ ಮತ್ತು ದೇಶ ಪ್ರವಾಸ ಕೈಗೊಳ್ಳಬೇಕೆಂಬ ಅಪೇಕ್ಷೆ ಅನೇಕರಲ್ಲಿರುತ್ತದೆ. ಹೊಸ ವಾಹನದ ಬೆಲೆ ಹೆಚ್ಚಾಗಿರುವುದರಿಂದ ಬಳಸಿದ ವಾಹನವನ್ನು ಅರಸುವುದು ಸಹಜ. ಭದ್ರಾವತಿಯ ನ್ಯೂ ಟೌನ್‌ನಂತಹ ಕಾರ್ಖಾನೆ ವಸತಿ ಪ್ರದೇಶಗಳಲ್ಲಿ ಇಂತಹ ಖರೀದಿಗೆ ವಿನಿಯೋಗವಾಗುವುದು ಬಹುಪಾಲು ನಿವೃತ್ತಿಯ ಸಮಯದಲ್ಲಿ ದೊರೆತ ಇಡಿಗಂಟಿನ ಹಣವೇ. ಆದಕಾರಣ ಮುಂಗಡ ಹಣ ನೀಡುವ ಮೊದಲು ಗಮನಿಸಬೇಕಾದ ಅಂಶಗಳನ್ನು ಶಿವಮೊಗ್ಗ ಮತ್ತು ಭದ್ರಾವತಿಯ ನಾಗರಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ನೋಂದಣಿ ಪತ್ರದಲ್ಲಿ ಏನೆಂದು ಬರೆದಿದೆ?

ಮಾರಾಟಕ್ಕೆ ಬರುವ ಕ್ಯಾಂಪರ್ ವ್ಯಾನ್‌ಗಳಲ್ಲಿ ಹಲವು ಮೂಲತಃ ಕ್ಯಾಂಪರ್ ವ್ಯಾನ್‌ಗಳಲ್ಲ. ಬಾಡಿಗೆಗೆ ಓಡಿದ ಟಿ.ಟಿ. ವಾಹನ, ಶಾಲಾ ವಾಹನ ಅಥವಾ ಆಂಬುಲೆನ್ಸ್‌ನ ಆಸನಗಳನ್ನು ತೆಗೆದು, ಮಂಚ, ನೀರಿನ ತೊಟ್ಟಿ, ಒಲೆಕಟ್ಟೆ ಜೋಡಿಸಿದವುಗಳಾಗಿರುತ್ತವೆ. ಒಳಗಿನ ಮರಗೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮೊದಲು ನೋಡಬೇಕಾದದ್ದು ನೋಂದಣಿ ಪ್ರಮಾಣಪತ್ರದ ‘ವಾಹನ ವರ್ಗ’ ಎಂಬ ಕಲಂ. ವಾಹನಗಳ ರಾಷ್ಟ್ರೀಯ ದತ್ತಾಂಶದಲ್ಲಿ ಕ್ಯಾಂಪರ್ ವ್ಯಾನ್ ಹಾಗೂ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ಪ್ರತ್ಯೇಕ ವರ್ಗಗಳೇ ಇವೆ. ಕಣ್ಣೆದುರಿಗಿರುವುದು ಎರಡು ಮಂಚಗಳ ವಾಹನ, ಪತ್ರದಲ್ಲಿರುವುದು ಹದಿಮೂರು ಆಸನಗಳ ಬಾಡಿಗೆ ವಾಹನ ಎಂದಾದಲ್ಲಿ ಅಂತಹ ಖರೀದಿಯನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಈ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ ಕಲಂ 182ಎ ಅನ್ವಯ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಕಾರಾಗೃಹ ವಾಸ ಅಥವಾ ಎರಡನ್ನೂ ಮಾಲೀಕರಿಗೆ ವಿಧಿಸಲು ಅವಕಾಶವಿದೆ. ದಂಡಕ್ಕಿಂತಲೂ ದೊಡ್ಡ ನಷ್ಟ ಬೇರೆಯಿದೆ. ದಾಖಲೆಯಲ್ಲಿಲ್ಲದ ಮಾರ್ಪಾಡು ಇರುವ ವಾಹನ ದೂರದ ರಾಜ್ಯವೊಂದರಲ್ಲಿ ಅಪಘಾತಕ್ಕೀಡಾದಾಗ ವಿಮಾ ಕಂಪನಿಯವರು ಪರಿಹಾರದ ಕೋರಿಕೆಗೆ ತಕರಾರು ತೆಗೆಯುವ ಸಂಭವವಿರುತ್ತದೆ. “ನಂತರ ಸರಿಪಡಿಸಿಕೊಳ್ಳಬಹುದು” ಎಂಬ ಮಾರಾಟಗಾರರ ಭರವಸೆಯನ್ನು ನಂಬಿ ಹಣ ಕೊಡಬಾರದು. ಸರಿಪಡಿಸಲು ಸಾಧ್ಯವಿದ್ದಲ್ಲಿ ಅದನ್ನು ಅವರೇ ಮಾಡಿಸಿ ಕೊಡಲಿ.

ಹಳದಿ ಫಲಕದ ಸಾರಿಗೆ ವಾಹನವಾಗಿದ್ದಲ್ಲಿ ಅರ್ಹತಾ ಪತ್ರದ ಅವಧಿಯನ್ನು ಪರಿಶೀಲಿಸತಕ್ಕದ್ದು. ಎಂಟು ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ತದನಂತರ ಪ್ರತಿ ವರ್ಷ ಇದನ್ನು ನವೀಕರಿಸಬೇಕಾಗುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತದಲ್ಲಿದ್ದು, ಬಳಿಕ ಐದು ವರ್ಷಗಳ ಅವಧಿಗೆ ನವೀಕರಣಗೊಳ್ಳುತ್ತದೆ. ಹದಿನಾಲ್ಕು ವರ್ಷದ ವಾಹನ ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ.

ಉತ್ತರ ಭಾರತದ ಯಾತ್ರೆ ಉದ್ದೇಶಿಸಿರುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ರಾಷ್ಟ್ರ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ವಿಧಿಸಿದ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿಯಿತು. ಇದರ ಜಾರಿಯ ಕುರಿತು 2025ರಲ್ಲಿ ಮತ್ತೆ ಆದೇಶಗಳಾಗಿವೆ. ಹಳೆಯ ಡೀಸೆಲ್ ವಾಹನವನ್ನು ಆಯ್ದುಕೊಳ್ಳುವ ಮುನ್ನ ಅಂದಿನ ಸ್ಥಿತಿಯನ್ನು ತಿಳಿದುಕೊಳ್ಳುವುದು ಒಳಿತು.

ತೂಕ

ಖರೀದಿದಾರರು ಸಾಮಾನ್ಯವಾಗಿ ಕಡೆಗಣಿಸುವ ವಿಷಯವಿದು. ನೂರು ಲೀಟರ್ ನೀರೆಂದರೆ ನೂರು ಕಿಲೋ. ಮನೆಯ ಯುಪಿಎಸ್‌ಗೆ ಬಳಸುವಂತಹ ದೊಡ್ಡ ಬ್ಯಾಟರಿಯೊಂದು ಸುಮಾರು 50 ಕಿಲೋ ತೂಗುತ್ತದೆ. ಇವುಗಳ ಜೊತೆಗೆ ಪ್ಲೈವುಡ್ ಕಪಾಟು, ಮಾಳಿಗೆಯ ಸೌರ ಫಲಕ, ಪ್ರಯಾಣಿಕರು, ಅವರ ಸಾಮಾನು. ನೀರು ಹಾಗೂ ಇಂಧನ ತುಂಬಿಸಿ ವಾಹನವನ್ನು ಒಮ್ಮೆ ವೇ-ಬ್ರಿಡ್ಜ್ ಮೇಲೆ ನಿಲ್ಲಿಸಿ ಚೀಟಿ ಪಡೆಯಿರಿ. ಆ ಅಂಕಿಗೆ ಪ್ರಯಾಣಿಕರ ಮತ್ತು ಸಾಮಾನಿನ ತೂಕವನ್ನು ಸೇರಿಸಿ, ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದೊಂದಿಗೆ ಹೋಲಿಸಿ. ಮಿತಿ ಮೀರಿದಲ್ಲಿ ಘಾಟಿಯ ಇಳಿಜಾರಿನಲ್ಲಿ ಬ್ರೇಕಿಗೂ ಟೈರಿಗೂ ಅಪಾಯ.

ಚಾಲನಾ ಪರವಾನಗಿಯ ದೃಷ್ಟಿಯಿಂದಲೂ ತೂಕ ಮುಖ್ಯ. 7,500 ಕಿಲೋವರೆಗಿನ ವಾಹನವನ್ನು ಲಘು ಮೋಟಾರು ವಾಹನ ಪರವಾನಗಿಯಲ್ಲಿ ಚಲಾಯಿಸಬಹುದೆಂಬುದನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್ 6ರಂದು ದೃಢಪಡಿಸಿದೆ.

ವಾಹನದ ಪರೀಕ್ಷೆ

ಕ್ಯಾಂಪರ್ ವ್ಯಾನ್ ಒಂದು ವಾಹನವೂ ಹೌದು, ಒಂದು ಮನೆಯೂ ಹೌದು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ವಾಹನ ನೋಡಲು ಬರುವವರೆಗೆ ಇಂಜಿನ್ ಚಾಲೂ ಮಾಡದಿರುವಂತೆ ಮಾರಾಟಗಾರರನ್ನು ಕೋರಿ. ತಣ್ಣಗಿರುವ ಇಂಜಿನ್ ಒಮ್ಮೆಗೇ ಹೊತ್ತಿಕೊಳ್ಳುವುದೇ ಎಂದು ನೋಡಿ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆ. ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಅಚ್ಚು ತೆಗೆದು, ಅದನ್ನು ನೋಂದಣಿ ಪತ್ರದೊಂದಿಗೆ ಅಕ್ಷರಶಃ ತಾಳೆ ನೋಡಿ. ಟೈರಿನ ಬದಿಯಲ್ಲಿರುವ ನಾಲ್ಕಂಕಿ ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತದೆ: 2319 ಎಂದರೆ 2019ರ 23ನೇ ವಾರ. ಹೆಚ್ಚು ಕಾಲ ನಿಂತಲ್ಲೇ ನಿಂತ ವಾಹನದ ಟೈರಿನಲ್ಲಿ ಗೀರು ಸವೆದಿರುವುದಿಲ್ಲ, ಆದರೆ ರಬ್ಬರು ಬಿರುಕು ಬಿಟ್ಟಿರುತ್ತದೆ.

ತುಕ್ಕಿನ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಾದ್ದಿಲ್ಲ. ಆದರೂ ಮಂಗಳೂರು (ಕೆಎ-19), ಉಡುಪಿ (ಕೆಎ-20), ಕಾರವಾರ (ಕೆಎ-30) ಕಡೆಯ ವಾಹನವಾದಲ್ಲಿ ಕಡಲ ಉಪ್ಪುಗಾಳಿಯ ಪರಿಣಾಮವನ್ನು ವಿಶೇಷವಾಗಿ ಪರಿಶೀಲಿಸಿ. ಮೇಲೆ ಹೊಸ ಬಣ್ಣ ಹೊಳೆಯುತ್ತಿದ್ದರೂ ತುಕ್ಕು ಇರುವುದು ವಾಹನದ ಅಡಿಯಲ್ಲಿ. ಮೆಕ್ಯಾನಿಕ್‌ರೊಬ್ಬರಿಂದ ವಾಹನವನ್ನು ಎತ್ತಿಸಿ ನೋಡಿಸಲು ತಗಲುವ ವೆಚ್ಚ ವ್ಯರ್ಥವಲ್ಲ. ಸೋರಿಕೆ ಪರೀಕ್ಷೆಗೆ ನಮ್ಮ ಜಿಲ್ಲೆಯ ಜೂನ್‌ನಿಂದ ಸೆಪ್ಟೆಂಬರ್ ತಿಂಗಳುಗಳೇ ಪ್ರಶಸ್ತ. ಬೇಸಿಗೆಯಲ್ಲಾದರೆ ಮಾಳಿಗೆಯ ಮೇಲೆ ಕಾಲು ಗಂಟೆ ನೀರು ಹಾಯಿಸಿ, ಹಾಸಿಗೆ ಎತ್ತಿ, ಕಪಾಟಿನ ಮೂಲೆಗಳನ್ನು ಕೈಯಿಂದ ಮುಟ್ಟಿ ನೋಡಿ. ಮುಗ್ಗಲು ವಾಸನೆಯನ್ನು ಅಗರಬತ್ತಿ ಮರೆಮಾಚಬಲ್ಲದು, ನೆನೆದ ಪ್ಲೈವುಡ್ಡನ್ನಲ್ಲ.

ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದಾಗ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಆದ್ದರಿಂದ ಸಿಲಿಂಡರ್ ಇರಿಸುವ ಗೂಡಿಗೆ ತಳದಲ್ಲಿ ಹೊರಕ್ಕೆ ತೆರೆದ ಗಾಳಿಕಿಂಡಿ ಇರಲೇಬೇಕು. ಒಳಗಿನ ವಿದ್ಯುತ್ತಿನ ಬ್ಯಾಟರಿಯು ಇಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದ ಪ್ರತ್ಯೇಕವಾಗಿರಬೇಕು; ಪ್ರತಿ ವೈರಿಗೂ ಫ್ಯೂಸ್ ಇರಬೇಕು. ಟೇಪು ಸುತ್ತಿದ ಜೋಡಣೆಗಳು ಕಂಡುಬಂದಲ್ಲಿ ವೈರಿಂಗ್ ಪೂರ್ತಿ ಬದಲಿಸುವ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು.

2020ರ ಏಪ್ರಿಲ್ 1ರ ನಂತರದ ಬಿ.ಎಸ್.-6 ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ. ತಂಪಿಗಾಗಿ ಗಂಟೆಗಟ್ಟಲೆ ನಿಂತಲ್ಲೇ ಇಂಜಿನ್ ಓಡಿಸಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಕ್ಯಾಂಪರ್ ವ್ಯಾನ್‌ಗಳಲ್ಲಿ ಹೀಗಾಗುವ ಸಂಭವ ಹೆಚ್ಚಾದುದರಿಂದ ಸರ್ವಿಸ್ ದಾಖಲೆ ಕೇಳಿ ಪಡೆಯಿರಿ.

ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದರೆ ಸಾಲದು. ತೀರ್ಥಹಳ್ಳಿ ಮಾರ್ಗವಾಗಿ ಹೋಗಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು, ಸೋಮೇಶ್ವರದಿಂದ ಮರಳಿ ಹತ್ತಿದರೆ ಬ್ರೇಕು, ಕ್ಲಚ್ಚು, ಇಂಜಿನ್ ತಾಪ ಮೂರೂ ತಿಳಿದುಬರುತ್ತವೆ. ಘಾಟಿಯಲ್ಲಿ ವಾಹನ ಸಂಚಾರಕ್ಕೆ ಜಿಲ್ಲಾಡಳಿತ ವಿಧಿಸುವ ನಿರ್ಬಂಧಗಳನ್ನು ಮುಂಚಿತವಾಗಿ ತಿಳಿದುಕೊಳ್ಳತಕ್ಕದ್ದು.

ಮಾಲೀಕತ್ವ ವರ್ಗಾವಣೆ

ಸಹಿ ಮಾಡಿದ ಖಾಲಿ ನಮೂನೆಗಳೊಂದಿಗೆ ವಾಹನ ಕೈಯಿಂದ ಕೈಗೆ ಹೋಗುವ ಪದ್ಧತಿ ಇನ್ನೂ ಇದೆ. ಇದರ ಪರಿಣಾಮ ಎಷ್ಟು ಗಂಭೀರವೆಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ 2018ರ ಫೆಬ್ರವರಿ 6ರ ತೀರ್ಪನ್ನು ನೋಡಬಹುದು. 2007ರಲ್ಲಿ ಮಾರಾಟವಾದ ಕಾರೊಂದು ಹೆಸರು ಬದಲಾಗದೆಯೇ ಹಲವರ ಕೈ ದಾಟಿ, 2009ರಲ್ಲಿ ಅಪಘಾತಕ್ಕೆ ಕಾರಣವಾಯಿತು, ಮಗುವೊಂದು ಮೃತಪಟ್ಟಿತು. ದಾಖಲೆಯಲ್ಲಿ ಹೆಸರಿದ್ದ ಮೊದಲ ಮಾಲೀಕರೇ ಪರಿಹಾರಕ್ಕೆ ಹೊಣೆಗಾರರೆಂದು ನ್ಯಾಯಾಲಯ ತೀರ್ಮಾನಿಸಿತು. ಎಂದರೆ, ವರ್ಗಾವಣೆಯಲ್ಲಿ ಕೊಂಡವರಷ್ಟೇ ಆಸಕ್ತಿ ಮಾರಿದವರಿಗೂ ಇರಬೇಕು.

ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ನಮೂನೆ 29ರಲ್ಲಿ ವರದಿ ಮಾಡತಕ್ಕದ್ದು. ಕೊಂಡವರು 30 ದಿನಗಳೊಳಗೆ ನಮೂನೆ 30ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಸಾಲವಿದ್ದಲ್ಲಿ ಬ್ಯಾಂಕಿನ ಋಣಮುಕ್ತತೆಗೆ ನಮೂನೆ 35 ಅವಶ್ಯ. ಹೊರ ರಾಜ್ಯದ ವಾಹನಕ್ಕೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕಾಗಿದ್ದು, 12 ತಿಂಗಳು ಮೀರಿ ಇಲ್ಲಿರಿಸುವುದಾದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಇಲ್ಲಿನ ತೆರಿಗೆಯನ್ನು ಬೆಲೆಯೊಂದಿಗೆ ಸೇರಿಸಿ ಲೆಕ್ಕ ಹಾಕಿಕೊಳ್ಳಿ. ಮಾಲೀಕರು ನಿಧನರಾಗಿದ್ದಲ್ಲಿ ವಾರಸುದಾರರು ಮೊದಲು ನಮೂನೆ 31ರ ಮೂಲಕ ತಮ್ಮ ಹೆಸರಿಗೆ ವರ್ಗಾಯಿಸಿಕೊಂಡ ನಂತರವೇ ಖರೀದಿಸುವುದು ಸೂಕ್ತ. ಮಳಿಗೆಯಿಂದ ಕೊಳ್ಳುವವರು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಆ ಮಾರಾಟಗಾರರು ಅಧಿಕಾರ ಪತ್ರ ಪಡೆದಿರುವರೇ ಎಂದು ವಿಚಾರಿಸಬೇಕು. ಬಾಕಿ ದಂಡ, ತೆರಿಗೆ ಮತ್ತು ವಿಮೆಯ ವಿವರಗಳನ್ನು ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ನಮೂದಿಸಿ ನೋಡಬಹುದು.

ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸತಕ್ಕದ್ದು. ಮೂರನೇ ವ್ಯಕ್ತಿಯ ರಕ್ಷಣೆ ತಾನಾಗಿಯೇ ವರ್ಗಾವಣೆಯಾಗುತ್ತದೆಯಾದರೂ ವಾಹನದ ಸ್ವಂತ ಹಾನಿಯ ರಕ್ಷಣೆಗೆ ಅದು ಅನ್ವಯಿಸುವುದಿಲ್ಲ. ಹಿಂದಿನ ಮಾಲೀಕರ ಫಾಸ್ಟ್ಯಾಗ್ ಅನ್ನು ಮುಚ್ಚಿಸಿ, ಹೊಸ ನೋಂದಣಿ ಪತ್ರ ಕೈಸೇರಿದ ಬಳಿಕ ತಮ್ಮ ಹೆಸರಿನಲ್ಲಿ ಹೊಸದನ್ನು ಪಡೆಯತಕ್ಕದ್ದು. ಶಿವಮೊಗ್ಗ ಪ್ರಾದೇಶಿಕ ಸಾರಿಗೆ ಕಚೇರಿಯ (ಕೆಎ-14) ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಪ್ರವಾಸದ ದಿನಾಂಕ ನಿಗದಿಪಡಿಸದಿರಲು ಹಾಗೂ ಅರ್ಜಿಗಳನ್ನು ಮಧ್ಯವರ್ತಿಗಳ ಮೂಲಕವಲ್ಲದೆ ನೇರವಾಗಿ ಸಲ್ಲಿಸಲು ನಾಗರಿಕರನ್ನು ಕೋರಲಾಗಿದೆ.