ಬಿಸಿಯಲ್ಲೇ ಬಾಳುವ ಗಡಿಯಾರಕ್ಕೆ ಬಿಸಿಲೇ ವೈರಿ!

ಸೊಲ್ಲಾಪುರ: ‘ಯಪ್ಪಾ, ಏನ್ ಬಿಸ್ಲಪ್ಪಾ ಇದು!’ ಏಪ್ರಿಲ್ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮನೆಮನೆಯಲ್ಲೂ ಕೇಳಿಬರುವ ಮಾತಿದು. ಪಾದರಸ 40 ಡಿಗ್ರಿ ದಾಟಿದರೆ ಜನ ನೆರಳು ಹುಡುಕುತ್ತಾರೆ, ಎಮ್ಮೆ ನೀರಿಗಿಳಿಯುತ್ತವೆ. ಆದರೆ ಮೊಬೈಲ್ ಟವರ್ ಬುಡದ ಪೆಟ್ಟಿಗೆಯಲ್ಲಿ ಕುಳಿತ ಗಡಿಯಾರ ಎಲ್ಲಿಗೆ ಹೋಗಬೇಕು?

ಟವರ್‌ಗೂ ಗಡಿಯಾರಕ್ಕೂ ಏನ್ ಸಂಬಂಧ ಅಂತೀರಾ? ವಿಜಯಪುರದ ಬಸ್ಸು ಗಡಿ ದಾಟುವಾಗ ನಿಮ್ಮ ಮಾತು ತುಂಡಾಗದೆ ಒಂದು ಟವರ್‌ನಿಂದ ಇನ್ನೊಂದಕ್ಕೆ ಜಿಗಿಯಬೇಕಾದರೆ ಎರಡರ ತರಂಗಾಂತರವೂ ತಾಳೆಯಾಗಬೇಕು. ದೊಡ್ಡ ಟವರ್‌ಗಳಲ್ಲಿ 100 ಕೋಟಿಗೆ 50 ಪಾಲಿಗಿಂತ ಹೆಚ್ಚು ತಪ್ಪುವಂತಿಲ್ಲ. ಸಾಮಾನ್ಯವಾಗಿ ಜಿಪಿಎಸ್ ಉಪಗ್ರಹದ ಸಂಕೇತ ದಾರಿ ತೋರಿಸುತ್ತದೆ. ಅದು ಕೈಕೊಟ್ಟಾಗ ಒಳಗಿನ ಕ್ವಾರ್ಟ್ಜ್ ಹರಳು, ಕೆಲವೆಡೆ ರುಬಿಡಿಯಂ ಗಡಿಯಾರ, ಲಯ ಕಾಯುತ್ತದೆ.

ಹಂಚು ಕಾಯಬೇಕು, ಹೊತ್ತಬಾರದು

ವಿಚಿತ್ರವೆಂದರೆ ಈ ಗಡಿಯಾರಗಳು ಕೆಲಸ ಮಾಡುವುದೇ ಬಿಸಿಯಲ್ಲಿ. ರುಬಿಡಿಯಂ ಗಡಿಯಾರದೊಳಗಿನ ಪುಟ್ಟ ದೀಪವನ್ನು ಸುಮಾರು 100 ಡಿಗ್ರಿಗೂ ಮೇಲೆ ಕಾಯಿಸಿಡುತ್ತಾರೆ. ಪಕ್ಕದ ಗಾಜಿನ ಕೋಶಕ್ಕೂ ಕಾವು ಬೇಕು. ಅದರೊಳಗಿನ ಪರಮಾಣುಗಳು ಸೆಕೆಂಡಿಗೆ ಸುಮಾರು 683 ಕೋಟಿ ಬಾರಿ ಮಿಡಿಯುವ ಲಯವೇ ಇಲ್ಲಿ ಅಳತೆಗೋಲು.

ಒಳಗಿನ ಹೀಟರ್ ಕಾವನ್ನು ಏರಿಸಬಲ್ಲದೇ ಹೊರತು ಇಳಿಸಲಾರದು. ಜೋಳದ ರೊಟ್ಟಿ ಬಡಿಯುವ ತಾಯಂದಿರಿಗೆ ಇದು ಗೊತ್ತಿರುವ ಸಂಗತಿ. ಒಲೆಯ ಉರಿ ತಗ್ಗಿಸಿದರೂ ಹಂಚಿನ ಕಾವು ಇಳಿಯಲು ಸುತ್ತಲಿನ ಗಾಳಿ ತಂಪಾಗಿರಬೇಕು. ಹೊರಗೇ ಕೆಂಡದಂಥ ಬಿಸಿಯಿದ್ದರೆ ಹೀಟರ್ ಪೂರ್ತಿ ಆರಿದರೂ ಕಾವು ಏರುತ್ತಲೇ ಹೋಗುತ್ತದೆ. ಆಗ ಲಯ ಜಾರುತ್ತದೆ, ಎಲೆಕ್ಟ್ರಾನಿಕ್ ಭಾಗಗಳ ಆಯುಷ್ಯವೂ ಸವೆಯುತ್ತದೆ.

ಪರಿಹಾರ ಸರಳ. ಗಡಿಯಾರದ ತಳವನ್ನು ದಪ್ಪ ಅಲ್ಯೂಮಿನಿಯಂ ಹಲಗೆಗೆ ಬಿಗಿದು, ನಡುವೆ ಶಾಖವಾಹಕ ಪೇಸ್ಟ್ ಸವರುತ್ತಾರೆ. ಹಲಗೆಯ ಹಿಂದಿನ ರೆಕ್ಕೆಗಳು ಬಿಸಿಯನ್ನು ಗಾಳಿಗೆ ಬಿಡುತ್ತವೆ. ಹಾಗಂತ ಜೋರಾಗಿ ಫ್ಯಾನ್ ತಿರುಗಿಸಿದರೆ ನಡೆಯದು. ಗಾಳಿ ಹೆಚ್ಚುಕಡಿಮೆಯಾದಂತೆ ಲಯವೂ ಅಲುಗುತ್ತದೆ. ಫ್ಯಾನಿನ ನಡುಕ, ಅದರ ಮೋಟಾರಿನ ಅಯಸ್ಕಾಂತ ಕೂಡ ಗಡಿಯಾರಕ್ಕೆ ಆಗಿಬರವು. ಅದಕ್ಕೇ ಫ್ಯಾನನ್ನು ತುಸು ದೂರವಿಟ್ಟು, ಹಲಗೆಯ ಉಷ್ಣಾಂಶ ನೋಡಿಕೊಂಡು ನಿಧಾನವಾಗಿ ತಿರುಗಿಸುವುದು ಲೇಸು. ಬೇಕಿರುವುದು ತಂಪಲ್ಲ, ಒಂದೇ ಸಮನಾದ ಹದ.

ಗಾಳಿಯಿಲ್ಲದ ಊರಲ್ಲಿ

ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಫ್ಯಾನ್ ಹಾಕಿ ಏನು ಫಲ? ಅಲ್ಲಿ ಗಡಿಯಾರದ ಬಿಸಿ ಲೋಹದ ಮೂಲಕ ಹರಿದು, ಹೊರಮೈ ಫಲಕಗಳಿಂದ ವಿಕಿರಣವಾಗಿ ಹೊರಹೋಗಬೇಕು. ಒಂದು ನ್ಯಾನೋಸೆಕೆಂಡ್ ತಪ್ಪಿದರೂ ದೂರದ ಲೆಕ್ಕ 30 ಸೆಂಟಿಮೀಟರ್ ತಪ್ಪುತ್ತದೆ.

ಗಡಿಯಾರ ಕೆಟ್ಟರೆ ಏನಾಗುತ್ತದೆಂಬುದನ್ನು ಭಾರತ ಕಂಡಿದೆ. 2013ರಲ್ಲಿ ಹಾರಿದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲಿದ್ದ ಆಮದು ಮಾಡಿದ ಮೂರೂ ರುಬಿಡಿಯಂ ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೈಕೊಟ್ಟವು. ಉಪಗ್ರಹ ಸುಸ್ಥಿತಿಯಲ್ಲಿದ್ದರೂ ದಾರಿ ತೋರಿಸಲಾಗದಂತಾಯಿತು. ಮುಂದೆ ಇಸ್ರೋ ಸ್ವದೇಶಿ ರುಬಿಡಿಯಂ ಗಡಿಯಾರವನ್ನೇ ತಯಾರಿಸಿ, 2023ರ ಮೇ 29ರಂದು ಎನ್‌ವಿಎಸ್-01 ಉಪಗ್ರಹದಲ್ಲಿಟ್ಟು ಹಾರಿಸಿತು.

ಮುಂದಿನ ಬೇಸಿಗೆಯಲ್ಲಿ ಗಡಿಯಾಚೆಯ ಬೀಗರ ಜತೆ ಫೋನಿನಲ್ಲಿ ಹರಟುವಾಗ ಟವರ್ ಬುಡದ ಆ ಪೆಟ್ಟಿಗೆಯನ್ನೂ ಒಮ್ಮೆ ನೆನೆಯಿರಿ. ಬಿಸಿಲಿಗೆ ಬೆವರುವವರು ನಾವಷ್ಟೇ ಅಲ್ಲ!