ಹೆಸರಿಲ್ಲದವನ ಬ್ಯಾಕಪ್

ಬ್ರಸೆಲ್ಸ್‌ನ ರಾಯಲ್ ಮ್ಯೂಸಿಯಂನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ತೈಲಚಿತ್ರ ಇದೆ. ಫೋನಲ್ಲಿ ನೋಡೋರು ಝೂಮ್ ಮಾಡ್ಲೇಬೇಕು. ಮುಂದುಗಡೆ ಹೊಲ ಉಳುತ್ತಿರೋ ರೈತ, ಆಚೆ ಕುರಿ ಕಾಯೋನು, ಸಮುದ್ರದಲ್ಲಿ ಹಡಗು. ಬಲಗಡೆ ಕೆಳಗೆ, ನೀರಲ್ಲಿ ಎರಡು ಪುಟ್ಟ ಕಾಲು! ಗ್ರೀಕ್ ಪುರಾಣದ ಇಕಾರಸ್ ಅವನು. ಅಪ್ಪ ಮಾಡಿಕೊಟ್ಟ ಗರಿ-ಮೇಣದ ರೆಕ್ಕೆಯಲ್ಲಿ ಸೂರ್ಯನ ಹತ್ತಿರ ಹಾರಿ, ಮೇಣ ಕರಗಿ ಬಿದ್ದವನು. ರೈತ ಮಾತ್ರ ತಲೆ ಎತ್ತಿಲ್ಲ.

ಮ್ಯೂಸಿಯಂ ಇದನ್ನು ಕೊಂಡಿದ್ದು 1912ರಲ್ಲಿ. 16ನೇ ಶತಮಾನದ ಪೀಟರ್ ಬ್ರೂಗೆಲ್ ಬರೆದದ್ದು ಅಂತಲೇ ಬಹುಕಾಲ ನಂಬಿದ್ರು. ಆದರೆ ಬ್ರೂಗೆಲ್ ತೈಲವರ್ಣದಲ್ಲಿ ಬರೆಯುತ್ತಿದ್ದದ್ದು ಸಾಮಾನ್ಯವಾಗಿ ಮರದ ಹಲಗೆ ಮೇಲೆ. ಇದು ಬಟ್ಟೆ ಮೇಲಿದೆ. ತಾಂತ್ರಿಕ ಪರೀಕ್ಷೆಗಳೂ ಆದವು. ಮೂಲಚಿತ್ರ ಕಳೆದುಹೋಗಿದೆ, ಇದು ಯಾರೋ ಅನಾಮಿಕ ಮಾಡಿದ ಹಳೆಯ ನಕಲು ಅನ್ನೋದು ಈಗ ಹಲವು ತಜ್ಞರ ಅಭಿಪ್ರಾಯ.

ನಮ್ಮ ಸಾಫ್ಟ್‌ವೇರ್ ಫೀಲ್ಡಲ್ಲಿ ಕಾಪಿ-ಪೇಸ್ಟ್ ಅಂದ್ರೆ ತಾತ್ಸಾರ. ಆದರೆ ಸರ್ವರ್ ಕೈಕೊಟ್ಟ ದಿನ ಎಲ್ಲರೂ ಹುಡುಕೋದು ಬ್ಯಾಕಪ್ಪನ್ನೇ. ತೆಗೆದಿಟ್ಟಿದ್ದು ಯಾರು ಅಂತ ಆಗಲೂ ಯಾರೂ ಕೇಳಲ್ಲ. ಮೂಲ ಹೋದರೂ ಬ್ರೂಗೆಲ್‌ನ ಕಲ್ಪನೆ ನಮ್ಮ ತನಕ ಬಂದಿರೋದು ಇಂಥ ಹೆಸರಿಲ್ಲದ ಕೈಗಳಿಂದ. 'ಬರೀ ನಕಲು' ಅಂತ ಸ್ಕ್ರಾಲ್ ಮಾಡಿಬಿಟ್ರೆ, ತಲೆ ಎತ್ತದ ಆ ರೈತನಿಗೂ ನಮಗೂ ಏನು ವ್ಯತ್ಯಾಸ ಹೇಳಿ?